ಕಂಪ್ಯೂಟರ್ ಯಾರ ಜಿಮ್ಮಾ?

ಕಂಪ್ಯೂಟರ್ ತಾನಾಗೇ ಕೆಡೋದು ಭಾಳ ಕಮ್ಮಿರಿ. ಅದರ ಕಾಳಜಿ ಮಾಡ್ಲಿಕ್ಕಿ ಯಾರಾದ್ರೂ ಹತ್ತಿದ್ರಂದ್ರ ಮುಗೀತು. ಬೀದರ್‌ದಾಗ ಕುಂತು ಇಷ್ಟು ವರ್ಷ ರಿಪೇರಿ ಮಾಡೀನಿ, ಸ್ಕ್ರೂಡ್ರೈವರ್ ಹಿಡಿದದ್ದಕ್ಕಿಂತ ಹಣಿ ಬಡಕೊಂಡದ್ದೇ ಹೆಚ್ಚು.

ಒಂದೇ ಆಫೀಸಿಂದು ಹೇಳ್ತೇನಿ. ಔರಾದ್ ಕಡಿದು. ಯಾವುದಂತ ಕೇಳಬ್ಯಾಡ್ರಿ, ಅವ್ರು ಈಗೂ ನನ್ನ ಕಂಡ್ರ ಚಾ ಕುಡಸ್ತಾರ. ಸಾಲಾಗಿ ಮಳಿ ಕೈಕೊಟ್ಟ ವರ್ಷ ಅವು. ಅರ್ಧಾ ಊರು ಲಾರಿ ಹತ್ತಿ ಹೈದರಾಬಾದಿಗಿ ದುಡೀಲಿಕ್ಕಿ ಹೋಗಿತ್ತು. ಅದೇ ಹೊತ್ತಿಗಿ ಮ್ಯಾಲಿಂದ ಹುಕುಂ ಬಂತು: ಬರಗಾಲದ ಕೆಲಸ ಬೇಕಾದವ್ರ ಯಾದಿ ಕಂಪ್ಯೂಟರಿನಾಗೇ ಆಗಬೇಕು, ಕೈಲೆ ಬರ್ದದ್ದು ನಡ್ಯಂಗಿಲ್ಲ. ಯಾದಿದಾಗ ಹೆಸರು ಬಂದ್ರ ಊರಾಗೇ ಕೆರಿ ಹೂಳು ತೆಗ್ಯೋ ಕೆಲಸ. ಬರ್ಲಿಲ್ಲಂದ್ರ ಲಾರಿ.

೧. ಕೌದಿ

ಮೊದಲ ಸಲ ಫೋನ್ ಬಂದಾಗ, "ಸಾಬ್ರ, ಮಷೀನು ನಡುನಡುವ ಬಂದ್ ಬೀಳ್ತದ" ಅಂದ್ರು. ಹೋದೆ. ಬಾಗಿಲದಾಗೇ ಗುಮಾಸ್ತ ತಡೆದ.

"ಚಪ್ಪಲಿ ಬಿಡ್ರಿ. ಕೈಕಾಲು ತೊಳ್ಕೊಂಡು ಬರ್ರಿ."

"ನೀರೆಲ್ಲಿ ಅದಾವ?"

"ನೀರಿಲ್ಲ. ಹಂಗಾರ ಚಪ್ಪಲಿ ಅಷ್ಟೇ ಬಿಡ್ರಿ."

ನೀರು ಎಲ್ಲಿ ಹೋಗಿತ್ತಂತ ಒಳಗ ಹೋದ ಮ್ಯಾಲ ತಿಳೀತು. ಮಾನಿಟರಿನ ಮಾರಿಗಿ ಒಂದು ಕೂಲರ್ ಭರ್ರಂತ ಗಾಳಿ ಹೊಡೀತಿತ್ತು. ದಿನಾ ನಾಕು ಕೊಡ ಟ್ಯಾಂಕರ್ ನೀರು ಅದರ ಹೊಟ್ಟಿಗಿ. ಖರೇ ಕಂಪ್ಯೂಟರ್ ಡಬ್ಬಿ ಟೇಬಲ್ ಕೆಳಗಿತ್ತು. ಧೂಳು ಬಡೀಬಾರದಂತ ಅದಕ್ಕ ದಪ್ಪಂದು ಕೌದಿ ಹೊಚ್ಚಿದ್ರು. ಗುಮಾಸ್ತ ಅದರ ಮ್ಯಾಲ ಕಾಲಿಟ್ಟು ಕುಂದರ್ತಿದ್ದ. ಕೈ ಹಚ್ಚಿದೆ, ಕಾದ ಹಂಚು ಆಗಿತ್ತು.

"ಇದೇರಿ ಕಂಪ್ಯೂಟರು! ಎಲ್ಲಾ ಇದರಾಗೇ ಇರ್ತದ. ಮ್ಯಾಲಿನ ಪರದೆ ಬರೀ ತೋರಿಸ್ತದ" ಅಂದೆ.

ಗುಮಾಸ್ತ ನಕ್ಕ. "ಹೋಗ್ರಿ ಸಾಬ್ರ. ಹೆಸರು ಕಾಣೋದು ಅಲ್ಲಿ, ಕಂಪ್ಯೂಟರ್ ಇಲ್ಲೇನು?"

ಕಿಟಕಿ ಹೊರಗ ಎಕಂಬಾ ಅನ್ನೋ ಹಳ್ಳಿ ಒಬ್ಬಾಕಿ ನಿಂತಿದ್ಲು. ಕುರಿ ಸಾಕೋ ಮನಿಯಾಕಿ. ಆಕಿ ಮಗಳು ಹತ್ತನೇ ಕ್ಲಾಸಿನಾಗ ಓದ್ತಿದ್ಲು, ಅದೇ ತಿಂಗಳು ಪರೀಕ್ಷಾ. ತಾಯಿಗಿ ಊರಾಗ ಕೆಲಸ ಸಿಕ್ರ ಹುಡುಗಿ ಪರೀಕ್ಷಾ ಬರೀತಾಳ, ಇಲ್ಲಂದ್ರ ಮನಿ ಮಂದಿ ಎಲ್ಲಾ ಲಾರಿ ಹತ್ತಬೇಕು. ಅದಕ್ಕೇ ದಿನಾ ಮುಂಜಾನಿ ಬಂದು ಆ ಕಿಟಕಿಗಿ ನಿಂದರ್ತಿದ್ಲು. ನಮ್ಮ ಮಾತು ಕೇಳಿ ಅಂದ್ಲು:

"ಅಣ್ಣಾ, ಅದಕ್ಕ ಬಿಸಿ ಆಗ್ಲತ್ತಿದ್ರ ಕೌದಿ ತೆಗೀರಿ. ಕೂಲರಿನ ನೀರು ನಮಗ ಕುಡೀಲಿಕ್ಕಿ ಕೊಡ್ರಿ."

ಗುಮಾಸ್ತ ಸಿಟ್ಟಿಲೆ ತಿರುಗಿದ. "ಏ, ಇವು ಟೆಕ್ನಿಕಲ್ ಮಾತು ಅದಾವ. ನೀ ಸುಮ್ಮ ಕುಂದ್ರು!"

೨. ಮೌಸ್ ರಜಾದ ಮ್ಯಾಲ

ವಾರದಾಗ ಮತ್ತ ಫೋನು. ಈ ಸಲ ಮೌಸೇ ಇಲ್ಲ.

ಆ ಆಫೀಸಿನಾಗ ಒಂದು ರಿವಾಜಿತ್ತು. ಎಲ್ಲಾ ಸಾಮಾನು ಒಬ್ಬನ ಜಿಮ್ಮಾ ಕೊಟ್ರ, ನಾಳಿ ಏನರ ಕಳದ್ರ ಅವನೊಬ್ಬನ ನೌಕರಿ ಹೋಗ್ತದ. ಅದಕ್ಕ ಕಂಪ್ಯೂಟರಿನ ಸಾಮಾನು ಹಂಚ್ಕೊಂಡಿದ್ರು. ಮಾನಿಟರ್ ಗುಮಾಸ್ತನ ಜಿಮ್ಮಾ, ಕೀಬೋರ್ಡ್ ಟೈಪಿಸ್ಟಂದು, ಮೌಸ್ ಹಿರೇ ಕ್ಲಾರ್ಕಂದು. ಸಂಜಿಗಿ ಎಲ್ಲಾರೂ ತಮ್ತಮ್ಮದು ಬಿಚ್ಚಿ ಕೀಲಿ ಹಾಕೋದು, ಮುಂಜಾನಿ ಸಹಿ ಮಾಡಿ ಹೊರಗ ತೆಗ್ಯೋದು. ಡಬ್ಬಿ ಯಾರ ಜಿಮ್ಮಾನೂ ಇದ್ದಿಲ್ಲ. ಅದು ರಜಿಸ್ಟರಿನಾಗೇ ಏರಿದ್ದಿಲ್ಲ.

ಹಿರೇ ಕ್ಲಾರ್ಕು ಅಣ್ಣನ ಮಗಳ ಮದುವಿಗಿ ತಮ್ಮೂರು ಮೆಹಕರಕ್ಕ ಹೋಗಿದ್ರು. ಮೌಸ್ ಸಂಗಟ.

"ಇಟ್ಟು ಹೋಗಬೇಕಿಲ್ಲೇನ್ರಿ?"

"ಸಹಿ ಮಾಡ್ಯಾರಲ್ರಿ, ಹ್ಯಾಂಗ ಬಿಟ್ಟು ಹೋಗ್ತಾರ?" ಅಂದ ಗುಮಾಸ್ತ.

"ನನ್ನ ಬ್ಯಾಗಿನಾಗ ಒಂದದ, ಹಚ್ಚಿ ಕೊಡ್ತೇನಿ."

"ರಜಿಸ್ಟರಿನಾಗ ಇಲ್ಲದ ಮೌಸ್ ಹಿಡಿದ್ರ ಆಡಿಟಿನವ್ರು ನಮ್ಮನ್ನ ಹಿಡೀತಾರ!"

ಅಲ್ಲಿಂದ ಭಾಲ್ಕಿಗಿ ಬಂದು, ಬಸ್ಸು ಬದಲ್ಸಿ ಮೆಹಕರಕ್ಕ ಹೋದೆ. ಮೌಸ್ ದೇವರ ಜಗಲಿ ಮ್ಯಾಲ ಕುಂಕುಮ ಹಚ್ಕೊಂಡು ಆರಾಮ ಕುಂತಿತ್ತು. ಹಿರೇ ಕ್ಲಾರ್ಕು ಮರ್ಯಾದಿಲೇ ಮಾತಾಡಿದ್ರು. "ಲಿಖಿತ ಆರ್ಡರ್ ತಂದೀರೇನು? ಇಲ್ಲಲ್ಲ. ಗುರುವಾರ ನಾನೇ ತರ್ತೇನಿ, ಊಟ ಮಾಡ್ಕೊಂಡು ಹೋಗ್ರಿ."

ಯಾದಿ ಕೆಲಸ ನಾಕು ದಿನ ನಿಂತಿತು. ಮೌಸ್ ಕೇಳ್ಲಿಕ್ಕಿ ಹೋದ ನಾನು ಬುಂದೇ ಲಾಡು ತಿಂದು ಬಂದೆ. ಲಾಡಿಗಿ ಸಹಿ ಕೇಳ್ಲಿಲ್ಲ, ಅದೊಂದು ಉಪಕಾರ.

೩. ಸಾಹೇಬರಿಗಿ ಯುಪಿಎಸ್

ಮೌಸ್ ಬಂತು, ಟೈಪಿಂಗ್ ಸುರು ಆತು. ಆದ್ರ ಕರೆಂಟ್ ಹೋದ ಕೂಡ್ಲೇ ಹೊಡೆದ ಹೆಸರೆಲ್ಲಾ ಮಾಯ. ಹಂಗ ಆಗಬಾರದಂತೇ ನಾನು ಯುಪಿಎಸ್ ಹಚ್ಚಿ ಬಂದಿದ್ದೆ. ಮತ್ತ ಯಾಕ ಹೋಗ್ಲತ್ತಾವಂತ ವಾಯರ್ ಹಿಡ್ಕೊಂಡು ಹೊಂಟೆ. ವಾಯರ್ ಬಾಗಿಲ ದಾಟಿ ಸೀದಾ ಸಾಹೇಬರ ಕೋಣಿಗಿ ಹೋತು. ತುದಿಗಿ ಅವ್ರ ಟೇಬಲ್ ಫ್ಯಾನು.

"ಸಾಹೇಬರಿಗಿ ಬಿಸಿ ಆಗ್ತದರಿ" ಅಂದ ಗುಮಾಸ್ತ.

"ಅಲ್ರಿ, ಕರೆಂಟ್ ಹೋದ್ರ ಕಂಪ್ಯೂಟರಿನ ನೆನಪು ಹೋಗ್ತದ. ಸಾಹೇಬರಿಗಿ ಹೋಗೋದೇನದ?"

ನಾ ಅಂದದ್ದು ಒಳಗ ಕೇಳಿತೋ ಏನೋ, ಆವತ್ತು ನನಗ ಚಾ ಬರ್ಲಿಲ್ಲ.

"ಹೋಗ್ಲಿ, ನಡುನಡುವ ಸೇವ್ ಆದ್ರೂ ಮಾಡ್ರಿ" ಅಂದ್ರ, "ಎಲ್ಲಾ ಹೆಸರು ಮುಗ್ದ ಮ್ಯಾಲ ಒಮ್ಮೆಲೇ ಮಾಡ್ತೇವಿ, ಘಳಿಗಿಗೊಮ್ಮೆ ಅದಕ್ಕ ಯಾಕ ತ್ರಾಸ ಕೊಡೋದು?" ಅಂದ. ಮತ್ತ ಮೊದಲಿಂದ ಎಲ್ಲಾರನ್ನೂ ಸಾಲು ಹಚ್ಚಿ ನಿಲ್ಲಿಸಿದ. ಎಕಂಬಾದ ಅಕ್ಕ ಕಿಟಕಿದಾಗ ನಾಚಿ ಸೆರಗು ಬಾಯಿಗಿ ಹಿಡ್ಕೊಂಡು ಹೇಳಿದ್ಲು:

"ಮೂರನೇ ಸಲ ಬರಸ್ಲತ್ತೀನಿ ಅಣ್ಣಾ. ಗಂಡನ ಹೆಸರು ಇಷ್ಟು ಸಲ ನನ್ನ ಮದುವ್ಯಾಗೂ ಹೇಳಿಲ್ಲ!"

೪. ಯಾದಿ ಬೀದರಿಗಿ ಹೋತು

ಅಂತೂ ಯಾದಿ ಮುಗೀತು, ಸೇವ್‌ನೂ ಆತು. ಆವತ್ತು ಶನಿವಾರ, ಕೂಲಿ ಮಂದಿನ್ನ ಒಯ್ಯೋ ಮುಕಾದಮನ ಲಾರಿ ಎಕಂಬಾಕ್ಕ ಬರೋದು ಸೋಮವಾರ ಮುಂಜಾನಿ. ಪ್ರಿಂಟರ್ ಇದ್ದದ್ದು ಬೀದರಿನ ಆಫೀಸಿನಾಗ. ಫ್ಲಾಪಿದಾಗ ಕಳಸ್ರಿ ಅಂದ್ರ, ಡಬ್ಬಿದಾಗ ಫ್ಲಾಪಿ ಹಾಕೋ ಸಂದಿನಾಗ, ಮ್ಯಾಲಿನ ಮಾನಿಟರಿಗಿ ಮಾಡಿದ ಪೂಜಾದ ಅಕ್ಕಿಕಾಳು ಉದುರಿ ತುಂಬಿದ್ವು. ಬೀದರ್ ಸಾಹೇಬ್ರು ಫೋನಿನಾಗ ಅಂದ್ರು, "ಕಂಪ್ಯೂಟರೇ ತೊಗೊಂಡು ಬರ್ರಿ."

ನಾನು ಬೀದರಿನಾಗ ದಾರಿ ಕಾಯ್ಕೋತ ಕುಂತಿದ್ದೆ. ಜೀಪ್ ಬಂತು. ಮುಂದಿನ ಸೀಟಿನಾಗ ಗುಮಾಸ್ತ, ಅವನ ತೊಡಿ ಮ್ಯಾಲ ಕೌದಿ ಸುತ್ತಿದ ಮಾನಿಟರು. ಹಸುಗೂಸಿನ ಹಂಗ ಎರಡೂ ಕೈಲೆ ಅವುಚಿ ಹಿಡಿದಿದ್ದ.

"ಯಾದಿ ತೆರೆದಿಟ್ಟೇ ಬಂದ್ ಮಾಡೀನಿ ಸಾಬ್ರ. ಬಟನ್ ಮೆಲ್ಲಕ ಒತ್ತೀನಿ. ದಾರ್ಯಾಗ ತಗ್ಗು ಬಂದಲ್ಲೆಲ್ಲಾ ಎತ್ತಿ ಹಿಡಿದೀನಿ. ಒಂದು ಹೆಸರು ಉದುರಿರಂಗಿಲ್ಲ."

"ಡಬ್ಬಿ ಎಲ್ಲಿ?"

"ಯಾವ ಡಬ್ಬಿ? ಕಾಲಿಡೋದೇನು?"

ಔರಾದಿನ ಆಫೀಸಿಗಿ ಫೋನ್ ಹಚ್ಚಿದೆ. ಎತ್ತಿದ ಸಿಪಾಯಿ ಜೋರಿಲೆ ಒದರಿದ: "ಜೀಪು ನಿಮ್ಮಲ್ಲೇ ಅದ. ಆ ಡಬ್ಬಿ ಈಗ ಯಾರು ತರ್ತಾರ್ರಿ? ಸೋಮವಾರ ನೋಡಮು." ನಾ ಬೈದೆ. ಕೈಮುಗಿತೇನಿ ಅಂದೆ. ಅವ ಫೋನ್ ಇಟ್ಟ.

ಸಂಜಿ ನಾಕರ ಸುಮಾರಿಗಿ ಎಕಂಬಾದ ಅಕ್ಕ ತಲಿ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಡಬ್ಬಿ ಹೊತ್ತು ಬೀದರ್ ಆಫೀಸಿನ ಬಾಗಿಲಿಗಿ ಬಂದು ನಿಂತ್ಲು. ಸಿಪಾಯಿ ಒದರಿದ್ದು ಕಿಟಕ್ಯಾಗ ಕೇಳಿತ್ತಂತ. "ಕೊಡ್ರಿ, ನಾನೇ ಒಯ್ತೇನಿ" ಅಂದಾಳ. ಅವ ಚೀಟಿ ಮ್ಯಾಲ ‘ಖಾಲಿ ಡಬ್ಬಿ ಒಂದು’ ಅಂತ ಬರ್ದು ಸಹಿ ತೊಗೊಂಡು ಕೊಟ್ಟಾನ. ಬಸ್ಸಿನಾಗ ಕಂಡಕ್ಟರ್, "ಇದರಾಗ ಏನದ ಅಕ್ಕಾ?" ಅಂದ್ರ, "ಊರ ಮಂದಿ ಅದಾರ" ಅಂದಾಳಂತ. ಪುಣ್ಯಾ, ಅವ ಎಲ್ಲಾರ ಟಿಕೆಟ್ ಹರೀಲಿಲ್ಲ.

ಜೋಡಿಸಿದೆ. ಕರ್ ಕರ್ ಅಂತ ಪ್ರಿಂಟ್ ಬಂತು. ಆಕಿ ಬಟ್ಟು ಇಟ್ಟು ತನ್ನ ಹೆಸರು ಎರಡು ಸಲ ಓದಿದ್ಲು. ಸುಳ್ಳ್ಯಾಕ ಹೇಳ್ಲಿ, ನನ್ನ ಕಣ್ಣು ತುಂಬಿ ಬಂದ್ವು. ಸೋಮವಾರ ಲಾರಿ ಬಂದು ಆಕಿ ಮನಿ ಮುಂದ ನಿಂದರದೇ ಹೋತು. ಹುಡುಗಿ ಪರೀಕ್ಷಾ ಬರೆದ್ಲು. ಕಂಪ್ಯೂಟರ್ ಜೋಪಾನ ಮಾಡಿದ್ದಕ್ಕ ಗುಮಾಸ್ತನಿಗಿ ಮೀಟಿಂಗಿನಾಗ ಶಾಬಾಸಕಿ ಸಿಕ್ತು. ಆ ತಾಲೂಕಿನಾಗ ಕಂಪ್ಯೂಟರ್ ಅಂದ್ರೇನಂತ ತಿಳಿದಾಕಿಗಿ ಹೂಳು ಹೊರೋ ಬುಟ್ಟಿ ಸಿಕ್ತು.

ಡಬ್ಬಿ ವಾಪಸ್ ಒಯ್ಲಿಕ್ಕಿ ಜೀಪಿನಾಗ ಜಾಗಾ ಇದ್ದಿಲ್ಲ, ಮಾನಿಟರ್ ಇತ್ತಲ್ಲ! ಸಹಿ ನಂದೇ ಅದ ಅಂತ ಆಕಿನೇ ಮತ್ತ ಬಸ್ಸಿನಾಗ ಒಯ್ದ್ಲು. ಸೋಮವಾರ ಅದನ್ನ ಜೋಡಿಸ್ಲಿಕ್ಕಿ ನಾನೂ ಅಲ್ಲೇ ಇದ್ದೆ. ಗುಮಾಸ್ತ ಚೀಟಿ ತೆಗೆದ, ಡಬ್ಬಿ ಕಿವಿ ಹಂತ್ಯಾಕ ಹಿಡಿದು ಅಲುಗಾಡಿಸಿ ನೋಡಿದ.

"ಖಾಲಿ ಡಬ್ಬಿ ಒಯ್ದಿದ್ದಿ. ಖಾಲಿನೇ ತಂದಿ ಇಲ್ಲ?"

ಆಕಿ ಸಿಂಬಿ ಝಾಡಿಸಿ ಹೆಗಲಿಗಿ ಹಾಕ್ಕೊಂಡ್ಲು.

"ತುಂಬಿದ್ದು ಒಯ್ದಿದ್ದೆ, ತುಂಬಿದ್ದೇ ತಂದೀನ್ರಿ ಸಾಹೇಬ. ಖಾಲಿದು ನೀವು ತೊಡಿ ಮ್ಯಾಲ ಇಟ್ಕೊಂಡು ಹೋಗಿದ್ರಿ."