ನಾನು ಸಾಮಾನ್ಯಳೆಂದು ಸಾಬೀತಾದದ್ದು

ಮೈಸೂರಿನ ಬೋಗಾದಿಯಲ್ಲಿ ಒಂದು ಮಿದುಳು ಭಂಡಾರವಿದೆ. ಅದಕ್ಕೆ ಒಬ್ಬರು ನಿರ್ದೇಶಕರು, ಇಬ್ಬರು ಉಪನಿರ್ದೇಶಕರು, ಒಂದು ಜೀಪು, ಕರೆಂಟು ಹೋದರೂ ತಣ್ಣಗಿರುವ ದೊಡ್ಡ ದೊಡ್ಡ ಫ್ರೀಜರುಗಳು ಮತ್ತು ಒಂದು ವಾರ್ಷಿಕೋತ್ಸವ ಇವೆ. ಮಿದುಳು ಮಾತ್ರ ಇನ್ನೂ ಒಂದೂ ಬಂದಿಲ್ಲ. ಇದರಿಂದ ಭಂಡಾರದ ದೈನಂದಿನ ಕೆಲಸಕ್ಕೆ ಯಾವ ಅಡಚಣೆಯೂ ಆಗಿಲ್ಲವೆಂದು ಅವರ ವಾರ್ಷಿಕ ವರದಿ ಹೇಳುತ್ತದೆ.

ಕಟ್ಟಡ ಮೊದಲು ಕಲ್ಯಾಣ ಮಂಟಪವಾಗಿತ್ತು. ವಧೂವರರು ಕೂರುವ ಕೆಂಪು ಮಖಮಲ್ಲಿನ ಜೋಡಿ ಕುರ್ಚಿ ವೇದಿಕೆಯ ಮೇಲೆ ಹಾಗೇ ಇದೆ. ಊಟದ ಹಾಲಿನಲ್ಲಿ ಪ್ರಯೋಗಾಲಯ. ಅಲ್ಲಿನ ಗೋಡೆಯ ಮೇಲಿರುವ 'ಬೇಕಾದಷ್ಟೇ ಬಡಿಸಿಕೊಳ್ಳಿ, ವ್ಯರ್ಥ ಮಾಡಬೇಡಿ' ಎಂಬ ಬರಹವನ್ನು ಅಳಿಸಲು ಟೆಂಡರ್ ಕರೆದಿದ್ದಾರೆ.

ನಾನು ಅಲ್ಲಿಗೆ ಹೋದದ್ದು ನಮ್ಮ ಯಜಮಾನರ ಇಚ್ಛೆಯಂತೆ. ಕೆಂಪಯ್ಯನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಎಂದು ಮೈಕಿನಲ್ಲಿ ಕೂಗುವುದು ಅವರ ಜೀವಮಾನದ ಕೆಲಸ. ಈಗ ಮರೆವಿನ ಕಾಯಿಲೆ. ಮಗನ ಹೆಸರು ಹೋಗಿದೆ, ಮಧ್ಯಾಹ್ನ ಉಂಡದ್ದು ಹೋಗಿದೆ, ಟಿ. ನರಸೀಪುರದ ಬಸ್ಸು ಮಾತ್ರ ಉಳಿದಿದೆ. ಅಗ್ರಹಾರದ ನಮ್ಮ ಮನೆಯ ಜಗಲಿಯ ಮೇಲೆ ನಿಂತು ಅದನ್ನು ಹೊರಡಿಸುತ್ತಾರೆ. ಕೇಳಿದವರಲ್ಲಿ ಕೆಲವರು ಅಭ್ಯಾಸಬಲದಿಂದ ಬೇಗ ಬೇಗ ಹೆಜ್ಜೆ ಹಾಕುವುದೂ ಉಂಟು.

ನಡುನಡುವೆ ಕೆಲವು ದಿನ ಬೆಳಗ್ಗೆ ಅವರಿಗೆ ಎಲ್ಲವೂ ತಿಳಿಯಾಗುತ್ತದೆ. ಅಂಥ ಒಂದು ಬೆಳಗ್ಗೆ ಪೇಪರಿನಲ್ಲಿ ಭಂಡಾರದ ಪ್ರಕಟಣೆ ಓದಿ ನನ್ನನ್ನು ಕರೆದರು.

"ಕುಸುಮಾ, ನಂದು ಕೊಟ್ಬುಡಾನ ಕಣೇ. ಒಳಗೆ ಏನು ಸೇರ್ಕೊಂಡು ತಿಂತಾ ಅದೆ ಅಂತ ಯಾರಾದ್ರೂ ನೋಡ್ಲಿ. ಮುಂದಿನೋರಿಗಾದ್ರೂ ಗೊತ್ತಾಗ್ಲಿ. ಹೂಂ ಅನ್ನೋ ಬುದ್ಧಿ ಇರೋವಾಗ್ಲೇ ನನ್ನ ಕರ್ಕೊಂಡೋಗು."

ಮದುವೆಯಾದ ಮೇಲೆ ಅವರು ನನ್ನ ಬಳಿ ಕೇಳಿಕೊಂಡದ್ದು ಇದೊಂದೇ. ಮಿಕ್ಕದ್ದನ್ನೆಲ್ಲ ಅವರು ಕೇಳುವ ಮೊದಲೇ ನಾನು ತೀರ್ಮಾನಿಸಿರುತ್ತಿದ್ದೆ.

ಭಂಡಾರದ ವಿಜ್ಞಾನಿ ಡಾಕ್ಟರ್ ಶರಣ್ಯಾ ನಮ್ಮನ್ನು ಕಂಡು ಎದ್ದೇ ನಿಂತಳು. ಮಿದುಳು ಕೊಡಲು ತಾವಾಗಿ ಬಂದವರನ್ನು ಆ ಹುಡುಗಿ ನೋಡಿರಲಿಲ್ಲವಂತೆ. ಕೂರಿಸಿ, ಕಾಫಿ ತರಿಸಿ, ಎಲ್ಲವನ್ನೂ ವಿವರಿಸಿದಳು. ಜೀವ ಹೋದ ಮೇಲೆ ಬೇಗ ತೆಗೆಯಬೇಕು, ಅರ್ಧವನ್ನು ಹೆಪ್ಪುಗಟ್ಟಿಸಿ ಇನ್ನರ್ಧವನ್ನು ಔಷಧಿಯಲ್ಲಿ ಇಡಬೇಕು, ತೆಳ್ಳಗೆ ಬಿಲ್ಲೆ ಕತ್ತರಿಸಿ ನೋಡಬೇಕು.

"ಆದ್ರೆ ಆಂಟಿ, ಕಾಯಿಲೆ ಬಂದಿರೋದು ಒಂದೇ ಇದ್ರೆ ಸಾಲಲ್ಲ. ಏನು ಬದಲಾಗಿದೆ ಅಂತ ಗೊತ್ತಾಗ್ಬೇಕಾದ್ರೆ ಕಾಯಿಲೆ ಇಲ್ಲದ್ದೂ ಪಕ್ಕದಲ್ಲಿ ಬೇಕು. ಒಂದೇ ಮನೆ, ಒಂದೇ ನೀರು, ಒಂದೇ ಅಡುಗೆ, ಹೆಚ್ಚುಕಮ್ಮಿ ಒಂದೇ ವಯಸ್ಸು. ನೀವೂ ಕೊಟ್ರೆ ನೀವೇ ನಮ್ಮ ಕಂಟ್ರೋಲ್."

ಆ ಪದವನ್ನು ನಾನು ತಕ್ಷಣ ಒಪ್ಪಿಕೊಂಡೆ. ಕೆಂಪಯ್ಯನವರು ಒಪ್ಪಲಿಲ್ಲ.

"ಕಂಟ್ರೋಲರ್ ನಾನು. ಇವಳು ಹೆಂಗೆ ಕಂಟ್ರೋಲ್ ಆಯ್ತಾಳೆ?"

"ಮನೇಲಿ ಯಾರು ಅಂಕಲ್?" ಎಂದಳು ಶರಣ್ಯಾ.

"ಅಂಗೆ ಕೇಳಿದ್ರೆ ಇವಳೇ ಬುಡವ್ವ," ಎಂದು ಅವರು ಕಾಫಿ ಕೈಗೆತ್ತಿಕೊಂಡರು.

ಮುಂದಿನ ಕೆಲಸ ಗುಮಾಸ್ತ ವಾಗೀಶನದು. ಭಂಡಾರದ ಎಲ್ಲ ವ್ಯವಹಾರವೂ ಕನ್ನಡದಲ್ಲೇ ನಡೆಯತಕ್ಕದ್ದೆಂಬ ಆದೇಶವಿದೆ. ಕನ್ನಡ ಬಿ.ಎ.ಯಲ್ಲಿ ಚಿನ್ನದ ಪದಕ ಪಡೆದವಳಾಗಿ ನಾನು ಅದನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದೇಶದ ಪ್ರಕಾರ ಅರ್ಜಿಯಲ್ಲಿ ಎರಡು ವರ್ಗಗಳು ಅಚ್ಚಾಗಿದ್ದವು. ಒಂದು 'ರೋಗಪೀಡಿತ'. ಇನ್ನೊಂದು, ಕಂಟ್ರೋಲ್ ಇರಬೇಕಾದ ಕಡೆ, 'ಸಾಮಾನ್ಯ'.

"ನನ್ನನ್ನು ಸಾಮಾನ್ಯ ಅಂತ ಬರೀತೀರಾ?" ಎಂದು ಕೇಳಿದೆ.

"ಬರಿಯಕ್ಕಾಗಲ್ಲ ಮೇಡಂ," ಎಂದ ವಾಗೀಶ. "ನಿಮ್ಮ ಜಾತಿ ಸರ್ಟಿಫಿಕೇಟಲ್ಲಿ ಪ್ರವರ್ಗ ಮೂರು ಎ ಅಂತ ಅದೆ. ಸಾಮಾನ್ಯ ವರ್ಗಕ್ಕೆ ನೀವು ಬರಲ್ಲ."

"ಇದು ಆ ಸಾಮಾನ್ಯ ಅಲ್ಲಪ್ಪ."

"ಸಾಮಾನ್ಯ ಎಲ್ಲಾ ಕಡೆ ಒಂದೇ ಕಣಮ್ಮ. ಮೂರು ಎ ಕಾಲಂ ಇಲ್ಲದೆ ಇರೋದ್ರಿಂದ ನಿಮ್ಮನ್ನೂ ರೋಗಪೀಡಿತ ಅಂತ ಹಾಕೋಬೇಕಾಗುತ್ತೆ."

"ಹಾಗಾದ್ರೆ ನಿಜವಾದ ಸಾಮಾನ್ಯ ವರ್ಗದವರು ಯಾರೂ ಬಂದಿಲ್ವೇನಪ್ಪ?"

"ಬಂದಿದ್ರು. ಜಾತಿ ಸರ್ಟಿಫಿಕೇಟ್ ತನ್ನಿ ಅಂದೆ. ಸಾಮಾನ್ಯ ವರ್ಗದೋರಿಗೆ ಅದು ಕೊಡಲ್ಲ ಅಂದ್ರು. ಡಾಕ್ಟ್ರ ಹತ್ರಕ್ಕೂ ಬಿಡ್ದೆ ಬಾಗಿಲಲ್ಲೇ ವಾಪಸ್ ಕಳಿಸ್ದೆ."

ಭಂಡಾರ ಯಾಕೆ ಖಾಲಿಯೆಂಬುದು ನನಗೆ ಆಗ ತಿಳಿಯಿತು. ನನ್ನದನ್ನು ಬಿಟ್ಟು ಯಜಮಾನರ ಅರ್ಜಿಯನ್ನಷ್ಟೇ ತೆಗೆದುಕೊಳ್ಳಿ ಎಂದೆ. ಒಂದು ರೋಗಪೀಡಿತ ಮಿದುಳಿಗೆ ಒಂದು ಸಾಮಾನ್ಯ ಮಿದುಳು ಜೊತೆಯಿರತಕ್ಕದ್ದು, ಜೋಡಿಯಿಲ್ಲದ ಅರ್ಜಿಯನ್ನು ಪುರಸ್ಕರಿಸಲಾಗದು ಎಂಬ ನಿಯಮವನ್ನು ವಾಗೀಶ ಓದಿ ಹೇಳಿದ. ಸೂಕ್ಷ್ಮದರ್ಶಕದಲ್ಲಿ ಪ್ರವರ್ಗ ಕಾಣುವುದಿಲ್ಲವೆಂದು ಶರಣ್ಯಾ ಅವನೊಡನೆ ಜಗಳವಾಡಿದಳು. ಅದನ್ನು ಬರೆದು ಕೊಡಿ ಎಂದ. ಬರೆದು ಕೊಟ್ಟಳು.

ಕಡತ ಮೇಲೆ ಹೋಯಿತು. ಅದು ಮೇಲಿದ್ದಾಗ ಕೆಂಪಯ್ಯನವರು ಇಳಿಯುತ್ತ ಬಂದರು. ತಿಳಿಯಾದ ಬೆಳಗುಗಳು ಅಪರೂಪವಾದವು. ಒಂದು ದಿನ ಕಾಫಿ ಕೊಡಲು ಹೋದರೆ, "ಮೇಡಂ, ಯಾವೂರಿಗೆ ಹೋಗ್ಬೇಕು?" ಎಂದರು. ಎಲ್ಲಿಗೂ ಇಲ್ಲ ಎಂದೆ. "ಹಂಗಾದ್ರೆ ದಾರೀಲಿ ನಿಲ್ಬೇಡಿ, ಬಸ್ ರಿವರ್ಸ್ ಬರುತ್ತೆ," ಎಂದರು. ಹೂಂ ಎನ್ನುವ ಬುದ್ಧಿ ಹೋಗುವುದಕ್ಕೆ ಮೊದಲು ಕಡತ ಇಳಿದು ಬರಲೆಂದು ನಾನು ಭಂಡಾರದ ಬಾಗಿಲು ಸವೆಸಿದೆ.

ಕೊನೆಗೆ ನಿರ್ದೇಶಕರ ಸ್ಪಷ್ಟೀಕರಣ ಬಂತು: "'ಸಾಮಾನ್ಯ' ಎಂದರೆ ಜಾತಿಯಲ್ಲ, ಎಲ್ಲರಂತೆ ಇರುವುದು ಎಂದರ್ಥ. ಅರ್ಜಿದಾರರು ಎಲ್ಲರಂತೆ ಇರುವರೇ ಎಂಬುದನ್ನು ಸಾಮಾನ್ಯತಾ ಪರಿಶೀಲನಾ ಸಮಿತಿಯು ಖಚಿತಪಡಿಸಿಕೊಳ್ಳತಕ್ಕದ್ದು."

ಇಲ್ಲಿ ಹೊಸ ತೊಡಕು ಬಂತು, ಅದನ್ನು ತಂದವಳು ನಾನೇ. ಅರ್ಜಿ ಕೊಡುವಾಗಲೇ, ಯಾರೂ ಕೇಳದಿದ್ದರೂ, ಅದರ ಜೊತೆ ಚಿನ್ನದ ಪದಕದ ಫೋಟೋ, ದಸರಾ ಪ್ರಬಂಧ ಸ್ಪರ್ಧೆಯ ಬಹುಮಾನ ಪತ್ರ, ಮಹಿಳಾ ಸಮಾಜದವರು ಶಾಲು ಹೊದಿಸಿದಾಗಿನ ಪೇಪರ್ ಕಟಿಂಗ್ ಎಲ್ಲವನ್ನೂ ಲಗತ್ತಿಸಿದ್ದೆ. ಒಳ್ಳೆಯ ಮಿದುಳು ಎಂದು ಅವರಿಗೂ ಗೊತ್ತಿರಲಿ ಎಂಬ ಸದುದ್ದೇಶದಿಂದ. ವಾಗೀಶ ಅವನ್ನೆಲ್ಲ ಓದಿ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದ: "ಅಸಾಮಾನ್ಯ. ತಿರಸ್ಕರಿಸಬಹುದು."

"ವಾಪಸ್ ಕೊಡಪ್ಪ ಅವನ್ನೆಲ್ಲ," ಎಂದೆ.

"ಕಡತಕ್ಕೆ ಸೇರಿದ್ದು ಈಚೆ ಬರಲ್ಲಮ್ಮ. ಬೇಕಾದ್ರೆ ವಿರುದ್ಧವಾಗಿ ಸಾಕ್ಷಿ ಸೇರ್ಸಿ. ನಿಮ್ಮನ್ನ ಬಲ್ಲೋರು, ನೀವು ಏನೂ ವಿಶೇಷ ಇಲ್ಲ ಅಂತ ಸಹಿ ಹಾಕಿ ಕೊಟ್ರೆ ಆಯ್ತು."

ಅಂಥವರನ್ನು ಎಲ್ಲಿಂದ ತರುವುದೆಂದು ನನಗೆ ನಿಜಕ್ಕೂ ಚಿಂತೆಯಾಯಿತು. ಪಕ್ಕದ ಮನೆಯ ತಿಮ್ಮಮ್ಮನನ್ನು ಕರೆದು ವಿಷಯ ಹೇಳಿದೆ. ಆಕೆ ಬಲವಂತಕ್ಕೆ ಒಪ್ಪಬಹುದೆಂದು ಒಂದು ಸಣ್ಣ ಪೀಠಿಕೆಯನ್ನೂ ಸಿದ್ಧಮಾಡಿಕೊಂಡಿದ್ದೆ.

"ಅಯ್ಯೋ ಕುಸುಮಕ್ಕ, ಅದಕ್ಕೇನಂತೆ, ಎಲ್ಲಿ ಹಾಕ್ಬೇಕು?" ಎಂದಳು. ಪೀಠಿಕೆ ಬೇಕಾಗಲಿಲ್ಲ.

ಸಂಜೆಯೊಳಗೆ ಇಡೀ ಬೀದಿ ಸಹಿ ಹಾಕಿತು. ನಾನು ವ್ಯಾಕರಣ ಹೇಳಿಕೊಟ್ಟ ಹುಡುಗರು ಹಾಕಿದರು. ಮಹಿಳಾ ಸಮಾಜದವರು ಒಟ್ಟಾಗಿ ಬಂದು ಹಾಕಿದರು. ಲಷ್ಕರ್ ಮೊಹಲ್ಲಾದ ನಮ್ಮ ಹಳೆಯ ಟೈಲರ್, ರವಿಕೆ ಕೆಡಿಸಿದನೆಂದು ನಾನು ಬಿಟ್ಟಿದ್ದವನು, ಅಂಗಡಿ ಮುಚ್ಚಿಕೊಂಡು ಬಂದು ಹಾಕಿದ. ಸೊಸೆ ಧರಣಿ ಎಲ್ಲರಿಗೂ ಪೆನ್ನು ಒದಗಿಸುತ್ತಿದ್ದಳು.

"ನೀನು ಹಾಕಲ್ವೇನಮ್ಮ?" ಎಂದು ಕೇಳಿದೆ.

"ಮೊದಲನೇದೇ ನಂದು ಅತ್ತೆ," ಎಂದಳು.

ಸಮಿತಿಯ ಅಧ್ಯಕ್ಷರು ಕುಮಾರಸ್ವಾಮಿ ಎಂಬ ನಿವೃತ್ತ ತಹಶೀಲ್ದಾರರು. ಅವರ ಜೊತೆ ಒಬ್ಬ ಪಶುವೈದ್ಯರಿದ್ದರು, ಸಮಿತಿಯಲ್ಲಿ ಮಿದುಳನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ವಿಚಾರಣೆಯ ದಿನ ನಮ್ಮಿಬ್ಬರನ್ನೂ ವೇದಿಕೆಯ ಜೋಡಿ ಕುರ್ಚಿಯಲ್ಲಿ ಕೂರಿಸಿದರು. ಬೇರೆ ಕುರ್ಚಿ ಇರಲಿಲ್ಲ. ಬೆಳಗ್ಗೆ ಕೆಂಪಯ್ಯನವರು ನನ್ನನ್ನು ಹೆಸರು ಹಿಡಿದು ಕರೆದಿದ್ದರು. ಅದು ಎಷ್ಟು ಹೊತ್ತು ಉಳಿಯುತ್ತದೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಅರ್ಜಿದಾರರು ತಾವು ಸಾಮಾನ್ಯರೆಂದು ಸಭೆಗೆ ಕೇಳುವಂತೆ ಸ್ವತಃ ಘೋಷಿಸತಕ್ಕದ್ದು," ಎಂದರು ಅಧ್ಯಕ್ಷರು.

ಈ ವಾಕ್ಯದ ಅಭ್ಯಾಸ ನನಗಿರಲಿಲ್ಲ. 'ಸಾಮಾನ್ಯವಾಗಿ ಹೇಳುವುದಾದರೆ' ಎಂದು ಶುರುಮಾಡಿದೆ. ಅದು ನಡೆಯುವುದಿಲ್ಲ ಎಂದರು.

ಶರಣ್ಯಾ ಹಿಂದಿನಿಂದ ಬಗ್ಗಿದಳು. "ಆಂಟಿ, ಅಂಕಲ್ ಇವತ್ತು ಚೆನ್ನಾಗಿದ್ದಾರೆ. ಬೇಗ ಹೇಳ್ಬಿಡಿ. ಪ್ಲೀಸ್."

"ನಾನು ಸಾಮಾನ್ಯಳು," ಎಂದೆ.

"ಕೇಳಿಸಲಿಲ್ಲ," ಎಂದ ವಾಗೀಶ.

"ನಾನು ಸಾಮಾನ್ಯಳು!"

ಅದು ಊಟದ ಹಾಲಿನವರೆಗೂ ಕೇಳಿಸಿತು. ಅಧ್ಯಕ್ಷರು ಯಜಮಾನರ ಕಡೆ ತಿರುಗಿದರು.

"ಮರಣಾನಂತರ ತಮ್ಮ ಮಿದುಳನ್ನು ಈ ಭಂಡಾರಕ್ಕೆ ಕೊಡಲು ತಮ್ಮ ಒಪ್ಪಿಗೆ ಇದೆಯೇ?"

"ಅದ್ಕೇ ಬಂದಿರೋದು ಕಣಪ್ಪ. ನಾನು ಇಳಿದ್ಮೇಲೆ ಬಸ್ಸು ನಿಮ್ದು. ಬಿಚ್ಚಿ ನೋಡಿ, ಎಲ್ಲಿ ಕೆಟ್ಟದೆ ಅಂತ."

"ಬಸ್ಸು ಅಂತ ಬರ್ಕೊಳ್ಳೋದಾ ಸಾರ್?" ಎಂದ ವಾಗೀಶ.

"ಮಿದುಳು ಅಂತ ಬರ್ಕೊಳ್ಳಯ್ಯ."

ಅವರು ಹೇಳಬೇಕೆಂದಿದ್ದನ್ನು ಹೇಳಿಯಾಗಿತ್ತು. ಆದರೆ ವಾಗೀಶ ಕೆಮ್ಮಿ, ಜೋಡಿಯ ಬಗ್ಗೆ ಆಕ್ಷೇಪಣೆ ಇದೆಯೇ ಎಂದು ಕೇಳುವ ನಿಯಮ ಬಾಕಿಯಿದೆ ಎಂದ.

"ತಮ್ಮ ಪತ್ನಿಯವರು ಸಾಮಾನ್ಯರು. ಇದಕ್ಕೆ ತಮ್ಮ ಆಕ್ಷೇಪಣೆ ಇದೆಯೇ?"

ಕೆಂಪಯ್ಯನವರು ನನ್ನ ಕಡೆ ತಿರುಗಿದರು.

"ಇವಳಾ? ಯಾವನ್ರೀ ಸಾಮಾನ್ಯ ಅಂದೋನು? ಇಂಥೋಳು ಇನ್ನೊಬ್ಬಳು ಈ ಮೈಸೂರಲ್ಲಿದ್ರೆ ತೋರ್ಸಿ ನೋಡಾನ."

"ರೀ, ಸುಮ್ಮನಿರಿ," ಎಂದೆ.

"ನೀನು ಸುಮ್ಕಿರು. ಎಲ್ಲಾನೂ ಮರ್ತಿದ್ದೀನಿ, ಇದನ್ನ ಮರ್ತಿಲ್ಲ. ಬರ್ಕೊಳ್ಳಯ್ಯ ವಾಗೀಶ!"

ವಾಗೀಶನ ಹೆಸರು ಅವರಿಗೆ ಹೇಗೆ ನೆನಪಿತ್ತೋ ಗೊತ್ತಿಲ್ಲ. ಈ ಮಾತನ್ನು ಅವರು ಇಷ್ಟು ವರ್ಷಗಳ ಸಂಸಾರದಲ್ಲಿ ಯಾವ ದಿನ ಬೇಕಾದರೂ ಹೇಳಬಹುದಿತ್ತು, ನಾನು ಮನೆಯಲ್ಲೇ ಇರುತ್ತಿದ್ದೆ. ಈಗ ಆಕ್ಷೇಪಣೆ ನಿಂತರೆ ನಾನು ಜೋಡಿಯಲ್ಲ, ಜೋಡಿಯಿಲ್ಲದಿದ್ದರೆ ಅವರ ಅರ್ಜಿಯೂ ಇಲ್ಲ. ಶರಣ್ಯಾ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಸಮಿತಿಯು ವಧುವಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಸಮಾಲೋಚಿಸಿತು. ಹೊರಬಂದ ಮೇಲೆ ಅಧ್ಯಕ್ಷರು ನಿರ್ಣಯವನ್ನು ಎದ್ದು ನಿಂತು ಓದಿದರು:

"ಅರ್ಜಿದಾರರು ಸಾಮಾನ್ಯರೆಂದು ಇಡೀ ಬೀದಿಯು ಒಮ್ಮತದಿಂದ ದೃಢೀಕರಿಸಿದ್ದು, ಅವರ ಪತಿಯೊಬ್ಬರೇ ಅಸಾಮಾನ್ಯರೆಂದು ನುಡಿದಿರುತ್ತಾರೆ. ಹೆಂಡತಿಯನ್ನು ಅಸಾಮಾನ್ಯಳೆಂದು ನಂಬುವುದು ರೋಗದ ಮುಂದುವರಿದ ಹಂತದ ಲಕ್ಷಣವೆಂದು ಸಮಿತಿಯು ಪರಿಗಣಿಸಿದೆ. ಆದ್ದರಿಂದ ಪತಿಯವರು ರೋಗಪೀಡಿತರೆಂದೂ ಪತ್ನಿಯವರು ಸಾಮಾನ್ಯರೆಂದೂ ಏಕಕಾಲದಲ್ಲಿ ಸಾಬೀತಾಗಿದ್ದು, ಎರಡೂ ಅರ್ಜಿಗಳನ್ನು ಅಂಗೀಕರಿಸಲಾಗಿದೆ."

"ಸಾರ್, ಅದು ಲಕ್ಷಣ ಅಲ್ಲ," ಎಂದು ಶರಣ್ಯಾ ಬಾಯಿ ತೆಗೆದಳು. ನಾನು ಅವಳ ಕಾಲು ತುಳಿದೆ. ಪಶುವೈದ್ಯರು ತಮ್ಮ ಅನುಭವದಲ್ಲೂ ಇದು ಸರಿಯೆಂದರು. ನಡಾವಳಿಯನ್ನು ನನ್ನ ಕೈಗೆ ಕೊಟ್ಟರು. ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಸಹಿ ಹಾಕಿದೆ.

ಆ ನಿರ್ಣಯ ಈಗ ಭಂಡಾರದ ಕಾಯಂ ನಿಯಮವಾಗಿದೆ. ನೋಂದಣಿಗೆ ಬರುವ ಪ್ರತಿಯೊಬ್ಬ ಗಂಡನನ್ನೂ ಮೊದಲು ಒಂಟಿಯಾಗಿ ಕೂರಿಸಿ, ನಿಮ್ಮ ಹೆಂಡತಿ ಸಾಮಾನ್ಯಳೇ ಎಂದು ಕೇಳುತ್ತಾರೆ. ಇದರಿಂದ ರೋಗಪತ್ತೆ ಬಹಳ ಸುಲಭವಾಗಿದೆಯೆಂದು ವಾಗೀಶ ಹೇಳುತ್ತಾನೆ. ನಮ್ಮವರ ನಂತರ ಬಂದ ಗಂಡಸರಲ್ಲಿ ಒಬ್ಬರಿಗೂ ಕಾಯಿಲೆ ಕಂಡುಬಂದಿಲ್ಲ.