ಗಂಜಿನ ಚಹಾ ಕಟ್ಟೆಯಲ್ಲಿ ನಗುವ ಹಿರಿಯರಿಗೆ

ನೆಹರು ಗಂಜಿನ ಕಾಳುಪೇಟೆಯ ಚಹಾ ಕಟ್ಟೆಯನ್ನು ದಿನವೂ ಅಲಂಕರಿಸುವ, ನಗುವಿನಲ್ಲಿ ಎಂದೂ ಜಿಪುಣತನ ತೋರದ ಮಾನ್ಯರೇ,

ಜೇವರ್ಗಿ ಕಾಲೋನಿಯಿಂದ, ತೊಗರಿ ವ್ಯಾಪಾರಿ ಸೂಗಪ್ಪನವರ ಹೆಂಡತಿ ಸುನಂದಾ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮವನ್ನು ಕೇಳುವ ಅಗತ್ಯವಿಲ್ಲ. ತಮ್ಮ ನಗು ರಸ್ತೆಯ ತಿರುವಿನವರೆಗೂ ಕೇಳಿಸುತ್ತದೆ.

ನನ್ನ ಯಜಮಾನರು ತಮ್ಮ ಕೈಗೆ ಸಿಗುವ ಮೊದಲು ಮಾತು ಕಡಿಮೆಯ ಮನುಷ್ಯರಾಗಿದ್ದರು. ತೊಗರಿಯಲ್ಲಿ ಹುಳ ಇದ್ದರೆ ಇದೆ ಎನ್ನುವರು, ಇಲ್ಲದಿದ್ದರೆ ಸುಮ್ಮನಿರುವರು. ಇಂಥ ನೀರಸ ಮನುಷ್ಯನನ್ನು ತಾವು ಪಕ್ಕದಲ್ಲಿ ಕೂಡಿಸಿಕೊಂಡು ತಿದ್ದಿದ್ದಕ್ಕೆ ನಾನು ಎಷ್ಟು ಕೃತಜ್ಞಳಾದರೂ ಸಾಲದು. ಅವರು ಮಳೆಯ ಬಗ್ಗೆ, ಕಾಳಿನ ಬಗ್ಗೆ ಹೇಳುವಾಗ ತಾವು ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತಿರುತ್ತಿದ್ದಿರಿ. ಒಂದು ದಿನ ಅವರು ತಮ್ಮದೇ ಬಾಲ್ಯದ ಗೆಳೆಯ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಬುರ್ಹಾನುದ್ದೀನರು ತೊದಲಿ ಮಾತಾಡುವುದನ್ನು ಆಡಿ ತೋರಿಸಿದರು. ತಾವು ತೊಡೆ ತಟ್ಟಿಕೊಂಡು ನಕ್ಕಿರಿ. ಯಾರೋ ಪುಣ್ಯಾತ್ಮರು ಅವರಿಗೆ ಇನ್ನೊಂದು ಚಹಾ ಹೇಳಿದರು. ಅಂದು ಮನೆಗೆ ಬಂದವರೇ ಕನ್ನಡಿಯ ಮುಂದೆ ನಿಂತು ಅದನ್ನೇ ಮತ್ತೆ ಆಡಿ ನೋಡಿಕೊಂಡರು.

ಬರಬರುತ್ತ ತೊದಲು ಹಳತಾಯಿತು, ತಮ್ಮ ನಗು ತೆಳುವಾಯಿತು, ಯಜಮಾನರಿಗೆ ಊಟ ಸೇರದಾಯಿತು. ಆಗ ಹುಟ್ಟಿದ್ದು ಆ ಮಾತು: ಬುರ್ಹಾನನ ಬಾಳೆ ಕೆಂಪಗಿರುವುದು ಬಣ್ಣದ ಡಬ್ಬಿಯಿಂದ, ಅವನ ಹೆಂಡತಿ ಮಸ್ತಾನಬಿ ಬ್ರಶ್ ಹಿಡಿದು ಗೊನೆಗೊನೆಗೆ ಹಚ್ಚುತ್ತಾಳೆ ಎಂಬುದು. ತಾವು ನಕ್ಕ ಅಬ್ಬರಕ್ಕೆ ಪಕ್ಕದ ಅಂಗಡಿಯವರೂ ಎದ್ದು ಬಂದರಂತೆ. ಆ ಮಾತು ಹಣ್ಣಿನ ಬಜಾರು ಮುಟ್ಟುವಷ್ಟರಲ್ಲಿ ಅದರೊಳಗಿನ ನಗು ಉದುರಿ ಬಣ್ಣವಷ್ಟೇ ಉಳಿದಿತ್ತು. ಹಬ್ಬದ ಮುಂದೆ ಕಾಯಂ ಗಿರಾಕಿಗಳೇ ಬುರ್ಹಾನುದ್ದೀನರ ಗೊನೆ ಮುಟ್ಟಲಿಲ್ಲ. ಹಣ್ಣು ಗಾಡಿಯಲ್ಲೇ ಕೊಳೆಯಿತು.

ಬುರ್ಹಾನುದ್ದೀನರು ನಮ್ಮ ಮನೆಗೆ ಬಂದರು. ಜಗಳಾಡಲಿಲ್ಲ, ನೀರೂ ಮುಟ್ಟಲಿಲ್ಲ.

"ಸೂಗಪ್ಪ, ನನ್ನ ತ್ವಾಟದಾಗ ನೀ ಬಣ್ಣ ಕಂಡೀಯೇನು?" ಎಂದರು.

ನಗುವವರು ಯಾರೂ ಇಲ್ಲದ್ದರಿಂದ ಯಜಮಾನರು ಇಲ್ಲವೆಂದು ನಿಜ ಹೇಳಿದರು.

"ಹಂಗಾದ್ರ ಇದಷ್ಟು ಕಟ್ಟಿ ಮ್ಯಾಲ ಬಂದು ಹೇಳು."

ಮರುದಿನ ಇಬ್ಬರೂ ತಮ್ಮ ಸನ್ನಿಧಿಗೆ ಬಂದದ್ದು ನೆನಪಿರಬೇಕು. ನಾನೂ ಹಿಂದೆಯೇ ಬಂದು ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. "ಬುರ್ಹಾನನ ಬಾಳಿಹಣ್ಣಿಗಿ ಬಣ್ಣ ಇಲ್ರೀ, ನಾ ಸುಳ್ಳು ಹೇಳಿದ್ದೆ," ಎಂದು ಯಜಮಾನರು ಶುರುಮಾಡಿದರು. ತಾವು ಇದನ್ನೂ ಹೊಸ ಚೇಷ್ಟೆಯೆಂದು ತಿಳಿದು ನಕ್ಕಿರಿ. ಅವರ ಮುಖ ಅರಳಿದ್ದನ್ನು ನಾನು ಕಂಡೆ. "ಬಣ್ಣ ಬಿಟ್ಟಾನ್ರೀ, ಈಗ ಮೆಹಂದಿ ಹಚ್ಚತಾನ," ಎಂದುಬಿಟ್ಟರು.

ಬುರ್ಹಾನುದ್ದೀನರು ಹೆಗಲ ವಸ್ತ್ರ ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ, ಬಸ್ ನಿಲ್ದಾಣದ ಕಡೆ ನಡೆದರು. ಈಗ ಅವರ ಹಣ್ಣು ಹುಮನಾಬಾದಿಗೆ ಹೋಗುತ್ತದೆ. ಅವರು ನಮ್ಮ ಮನೆಗೆ ಬರುವುದಿಲ್ಲ.

ಕಮಲಾಪುರಕ್ಕೆ ಹೋಗಿ ಕ್ಷಮೆ ಕೇಳಿ ಬನ್ನಿರೆಂದರೆ, ಯಾರೂ ಕೇಳಿಸಿಕೊಳ್ಳದ ಕ್ಷಮೆಯಿಂದ ಏನು ಬಂತು ಎನ್ನುತ್ತಾರೆ ಯಜಮಾನರು. ಆದಕಾರಣ ನನ್ನ ಸಣ್ಣ ಬಿನ್ನಹವೆಂದರೆ, ತಾವೆಲ್ಲರೂ ಒಂದು ಟೆಂಪೊ ಮಾಡಿಕೊಂಡು ಅವರ ಜೊತೆ ಹೋಗಿ, ಅವರು ಬುರ್ಹಾನುದ್ದೀನರ ಬಾಗಿಲಲ್ಲಿ ತಲೆ ತಗ್ಗಿಸಿ "ತಪ್ಪಾಯಿತು" ಎನ್ನುವಾಗ ತೊಡೆ ತಟ್ಟಿ "ವಾಹ್" ಎನ್ನುವ ಕೃಪೆ ಮಾಡಬೇಕು. ಅಷ್ಟಾದರೆ ಆ ಮಾತನ್ನು ಅವರು ದಿನವೂ ಹೇಳಿಯಾರು. ಚಹಾದ ವ್ಯವಸ್ಥೆ ನನ್ನದು.

ಇಷ್ಟು ಬೇಡಿಕೊಳ್ಳುವ,
ತಮ್ಮ ವಿಶ್ವಾಸಿ,
ಸುನಂದಾ

ವಿ.ಸೂ.: ತಮ್ಮಲ್ಲಿ ಯಾರು ಮೊದಲು ಕಟ್ಟೆಯಿಂದ ಎದ್ದುಹೋಗುತ್ತಾರೋ ಅವರ ಬಗ್ಗೆ ಉಳಿದವರು ಆಡುವ ಮಾತನ್ನು ಯಜಮಾನರು ರಾತ್ರಿ ಊಟಕ್ಕೆ ಕುಳಿತಾಗ ನನಗೆ ತಪ್ಪದೆ ಹೇಳುತ್ತಾರೆ. ನಾನು ನಗುವುದಿಲ್ಲ. ಆದ್ದರಿಂದ ಅದನ್ನು ಹೇಳಲು ಬೇರೆ ಯಾರನ್ನೋ ಹುಡುಕುತ್ತಿದ್ದಾರೆ.