ಬಾಯಿ ಬಿಡದ ನಾಲ್ಕನೆಯ ತಂತಿ

ಸೊಲ್ಲಾಪುರದ ಗಿರಣಿಯಲ್ಲಿ ಬರೀ ಕಾರಕೂನನಾಗಿದ್ದ ನಾನು ಅಕ್ಕಲಕೋಟೆಯ ಮಾವನ ಮನೆಯಿಂದ ಕಲಾವಂತನೆನಿಸಿಕೊಂಡೇ ತಿರುಗಿ ಬರುವೆನೆಂದು ಶಪಥ ಮಾಡಿ ಎಸ್.ಟಿ. ಬಸ್ಸು ಹತ್ತಿದೆ. ಅಂದು ನಾದಿನಿ ಅಕ್ಕನಾಗಮ್ಮನ ನಿಶ್ಚಯ. ಸಂಜೆ ಮಂಗಳವೇಢೆಯಿಂದ ಬೀಗರು ಬರುವವರಿದ್ದರು. ಅವರೆದುರು ಬಾರಿಸಲೆಂದು ನನ್ನ ತೊಡೆಯ ಮೇಲೆ ವಿದ್ಯುತ್ ಗಿಟಾರ್ ಇತ್ತು. ಮುಚ್ಚಿಹೋದ ಆರ್ಕೆಸ್ಟ್ರಾ ಒಂದರಿಂದ ಕೊಂಡದ್ದು. ಅದರ ವೈರನ್ನು ರೇಡಿಯೋದ ಬೆನ್ನಿಗೆ, ಗ್ರಾಮಫೋನ್ ಸಿಗಿಸುವ ತೂತಿಗೆ ಸಿಗಿಸಿದರೆ ನಾದ ರೇಡಿಯೋದಿಂದ ಬರುತ್ತಿತ್ತು. ಮಾವ ಕಲ್ಯಾಣಪ್ಪನವರ ಮನೆಯಲ್ಲಿ ರೇಡಿಯೋ ಇತ್ತು. ಓಣಿಗೆಲ್ಲ ಅದೊಂದೇ.

ಬಸ್ಸಿನ ಕುಲುಕಾಟಕ್ಕೆ ಗಿಟಾರಿನ ಆರು ತಂತಿಗಳಲ್ಲಿ ನಾಲ್ಕನೆಯದು ಹರಿಯಿತು. ನಾನು ಚಿಂತಿಸಲಿಲ್ಲ. ಮಾವನ ಭಜನೆಯ ತಂಬೂರಿಗೆ ನಾಲ್ಕು ತಂತಿ. ಮೂರು ಬಿಳಿ, ಒಂದು ಬಂಗಾರದಂತೆ ಹೊಳೆಯುವ ಹಳದಿ. ಕಲಾವಂತನಿಗೆ ಒಪ್ಪುವುದು ಹಳದಿಯೇ ಎಂದು, ಮನೆ ಮುಟ್ಟಿದ ಕೂಡಲೇ ಮಾವನನ್ನು ಕೇಳಿ ಅದನ್ನು ಬಿಚ್ಚಿ ಗಿಟಾರಿಗೆ ಬಿಗಿದೆ.

ಐದು ತಂತಿಗಳು ರೇಡಿಯೋದಲ್ಲಿ ಗರ್ಜಿಸಿದವು. ಹಳದಿ ತಂತಿ ಮಾತ್ರ ಮೂಕ. ಕಿವಿ ಹಚ್ಚಿದರೆ ಕಟ್ಟಿಗೆಯ ಮೇಲೆ ಸಣ್ಣಗೆ ಗುಂಯ್ ಅನ್ನುತ್ತಿತ್ತು, ಅಷ್ಟೆ.

“ರೇಡಿಯೋ ಕೆಟ್ಟದ,” ಎಂದೆ.

ಹೆಂಡತಿ ನೀಲಾಬಾಯಿ ತಂಗಿಯ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಕುಳಿತಿದ್ದಳು. “ಐದು ಒದರಾಕತ್ತಾವಂದ್ರ ರೇಡಿಯೋ ಹ್ಯಾಂಗ ಕೆಟ್ಟೀತ್ರಿ?”

“ನಿನಗ ವಿಜ್ಞಾನ ತಿಳಿಯಂಗಿಲ್ಲ.”

ವಿಜ್ಞಾನ ತಿಳಿದ ನಾನು ರೇಡಿಯೋದ ಹಿಂದಿನ ರಟ್ಟು ತೆಗೆದು, ಗಾಜಿನ ಬುರುಡೆಯಂಥ ವಾಲ್ವ್ ಒಂದನ್ನು ಕಿತ್ತು ಧೋತರದ ಅಂಚಿನಿಂದ ಒರೆಸತೊಡಗಿದೆ. ಅಷ್ಟರಲ್ಲಿ ಮಾವ ಒಳಗೆ ಬಂದರು. ವಾಲ್ವನ್ನು ಕೋಟಿನ ಜೇಬಿಗೆ ತುರುಕಿದೆ.

“ಏನಾತ್ರಿ ಅಳಿಯಂದ್ರ?”

“ಏನಿಲ್ಲ ಮಾವಾರ. ತಂತಿ ಬರವಲ್ದು.”

“ತಂತಿ ಯಾಕ ಬರಬೇಕು? ಬೀಗರು ತಾವ ಬರ್ತಾರಲ್ಲ,” ಎಂದು ಮಾವ ಗಾಬರಿಯಾಗಿ ಪೋಸ್ಟ್ ಆಫೀಸಿಗೆ ಹೊರಟೇಬಿಟ್ಟರು. ನೀಲಾಬಾಯಿ ಬಾಗಿಲಲ್ಲಿ ಅವರನ್ನು ತಡೆದು, ಬಾರದೆ ಇರುವುದು ಗಿಟಾರಿನ ತಂತಿಯೆಂದು ತಿಳಿಸಿ, ಕಟ್ಟೆಯ ಮೇಲೆ ಕೂಡಿಸಿ ಬಂದಳು.

ಈ ಗದ್ದಲದಲ್ಲಿ ನಾನು ರಟ್ಟು ಮುಚ್ಚಿ ರೇಡಿಯೋ ಹಚ್ಚಿದೆ. ಈಗ ಆರೂ ತಂತಿಗಳು ಮೂಕ.

“ಚಲೋ ಆತು. ಆರಕ್ಕೂ ಒಂದ ನ್ಯಾಯ,” ಅಂದಳು ನೀಲಾಬಾಯಿ. ಆಮೇಲೆ ದನಿ ಇಳಿಸಿದಳು. “ಬೀಗರಿಗೆ ತೋರಸಾಕಂತ ಅಪ್ಪ ಮುಂಜಾನಿ ತಾವ ಕುಂತು ಒರಸ್ಯಾರ ಅದನ್ನ. ಕೆಡಿಸಿದ್ರಿ ಅಂದ್ರ ನಾ ಯಾವ ಮಾರಿ ಇಟ್ಕೊಂಡು ತೌರಿಗೆ ಬರ್ಲಿ?”

ನನಗೆ ಬೆವರು ಕಿತ್ತು ಬಂತು. ಒರೆಸಿಕೊಳ್ಳಲು ಕರವಸ್ತ್ರಕ್ಕೆ ಕೈ ಹಾಕಿದರೆ ಜೇಬಿನಲ್ಲಿ ವಾಲ್ವ್. ಅವಳ ಕಣ್ಣು ತಪ್ಪಿಸಲು ಆಗಲಿಲ್ಲ. ವಾಲ್ವ್ ಮರಳಿ ಕೂರಿಸಿದೆ. ಐದು ತಂತಿಗಳಿಗೆ ಜೀವ ಬಂತು. ಹಳದಿಗೆ ಬರಲಿಲ್ಲ.

ಆಗ ಅವಳ ಕೈಯ ಸೂಜಿ ಜಾರಿ ಗಿಟಾರಿನ ಮೇಲೆ ಬಿತ್ತು. ತಂತಿಗಳ ಕೆಳಗೆ, ಅವುಗಳ ನಾದ ಹಿಡಿದು ವೈರಿಗೆ ಕೊಡುವ ಲೋಹದ ಪಟ್ಟಿಗೆ ಟಪ್ಪನೆ ಅಂಟಿತು. ಅವಳು ಕಿತ್ತಳು. ಹತ್ತಿರ ಒಯ್ದಳು. ಮತ್ತೆ ಅಂಟಿತು.

“ಇಲ್ಲಿ ಲೋಹಚುಂಬಕ ಅದರಿ. ನೀವು ಕಟ್ಟಿದ್ದು ಹಿತ್ತಾಳಿ. ಹಿತ್ತಾಳಿಗೂ ಇದಕ್ಕೂ ಮಾತಿಲ್ಲ. ಬಿಳಿ ತಂತಿ ಹಚ್ಚರಿ, ಅದು ಉಕ್ಕು.”

ಹಚ್ಚಿದೆ. ನಾಲ್ಕನೆಯ ತಂತಿ ಗುಂಯ್ ಎಂದು ಮನೆ ತುಂಬಿತು. ಹೆಂಡತಿಗೆ ವಿಜ್ಞಾನ ತಿಳಿಯುತ್ತದೆಂಬ ಸುದ್ದಿ ಹೊರಗೆ ಹೋಗದಂತೆ ಬೇಡಿಕೊಂಡೆ.

ಸಂಜೆ ಬೀಗರು ಬಂದರು. ವರನ ತಂದೆ ಸಾತಲಿಂಗಪ್ಪನವರು ರುಮಾಲು ಸರಿಪಡಿಸಿಕೊಂಡು ರೇಡಿಯೋದ ಎದುರಿಗೇ ಕುಳಿತರು. ನಾನು ಅವರ ಬೆನ್ನಿನ ಹಿಂದೆ, ಮೂಲೆಯಲ್ಲಿ ಗಿಟಾರನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಮೂರು ತಿಂಗಳು ರೂಢಿ ಮಾಡಿದ್ದನ್ನೆಲ್ಲ ಕಣ್ಣು ಮುಚ್ಚಿ ಬಾರಿಸಿದೆ. ಆರೂ ತಂತಿಗಳು ನುಡಿದವು. ಸಾತಲಿಂಗಪ್ಪನವರು ತಲೆ ವಾಲಿಸಿ ಬಹಳ ಹೊತ್ತು ಆಲಿಸಿ, ಮಾವನ ಕಡೆ ಬಾಗಿದರು.

“ಬೀಗರ, ರೇಡಿಯೋ ಮಸ್ತ್ ಅದ. ಖರೆ, ಸ್ಟೇಷನ್ ನೀಟ ಹತ್ತಿಲ್ಲ ನೋಡ್ರಿ. ಮುಳ್ಳು ಒಂದೀಟು ಸರಸ್ರಿ.”

ಮಾವ ನನ್ನ ಮುಖ ನೋಡಿದರು. ಬೀಗರ ಮುಖ ನೋಡಿದರು. ಎದ್ದು ಹೋಗಿ ರೇಡಿಯೋದ ಗುಂಡಿಯನ್ನು ಗ್ರಾಮಫೋನಿನಿಂದ ಸ್ಟೇಷನ್ನಿಗೆ ತಿರುವಿದರು. ಯಾವುದೋ ಊರಿನಿಂದ ಯಾರೋ ಶಹನಾಯಿ ನುಡಿಸುತ್ತಿದ್ದರು.

“ಹಾಂ,” ಎಂದರು ಸಾತಲಿಂಗಪ್ಪನವರು, ಗೋಡೆಗೆ ಒರಗುತ್ತ. “ಈಗ ಬರೋಬರ್ ಹತ್ತಿತು.”